ಹೂವಿಗೆ ಭಾರವಿಲ್ಲ, ಆದರೂ ಹುಡುಗಿ ಬೆಳೆಯಲಿಲ್ಲ: ಹತ್ತಿ ಸೀಡ್ಸ್ ಪ್ಲಾಟಿನ ಒಂದು ಪ್ರಕರಣ

ಬಾಲಕಾರ್ಮಿಕರು ಅಂದ ಕೂಡಲೇ ಕಣ್ಮುಂದೆ ಬರೋದು ತಲೆ ಮೇಲೆ ಇಟ್ಟಿಗೆ ಹೊತ್ತ ಹುಡುಗ. ಭಾರ ಹೊತ್ತು ಹೊತ್ತು ಕುಗ್ಗಿಹೋದ ಅಂತೀವಿ. ಈ ಪ್ರಕರಣದ ಹುಡುಗಿ ಭಾರವಾದದ್ದು ಏನನ್ನೂ ಹೊರಲಿಲ್ಲ. ದಿನವಿಡೀ ಅವಳ ಕೈಯಲ್ಲಿ ಇದ್ದದ್ದು ಹೂವು. ಆದರೂ ಒಂದು ಇಡೀ ವರ್ಷದಲ್ಲಿ ಅವಳು ಬೆಳೆದದ್ದು 2.3 ಸೆಂಟಿಮೀಟರ್.

ನಾನು ಶಾಲೆ ಶಾಲೆಗೆ ಹೋಗಿ ಮಕ್ಕಳ ತಪಾಸಣೆ ಮಾಡುವ ತಂಡದ ಡಾಕ್ಟರ್. ಒಂದು ಜೀಪು, ತೂಕದ ಯಂತ್ರ, ಗೋಡೆಗೆ ನಿಲ್ಲಿಸುವ ಎತ್ತರದ ಪಟ್ಟಿ, ಜೊತೆಗೆ ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ಊರು ಹಾವೇರಿ, ಗದಗ, ಕೊಪ್ಪಳದ ನಡುವೆ ಎಲ್ಲೋ ಇದೆ ಅಂದುಕೊಳ್ಳಿ. ಅದಕ್ಕಿಂತ ಜಾಸ್ತಿ ಗುರುತು ಬೇಡ. ಹುಡುಗಿಯನ್ನು ಇಲ್ಲಿ ನೀಲವ್ವ ಅಂತ ಕರೆಯುತ್ತೇನೆ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅಳತೆಗಳನ್ನು ಬದಲಿಸಿಲ್ಲ.

ಕ್ರಾಸಿಂಗ್

ಹೈಬ್ರಿಡ್ ಹತ್ತಿಯ ಬೀಜ ತಾನಾಗೇ ಆಗುವುದಿಲ್ಲ. ಒಂದು ತಳಿಯ ಗಿಡದ ಹೂವಿಗೆ ಇನ್ನೊಂದು ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಇಲ್ಲಿನವರು ಇದಕ್ಕೆ ಕ್ರಾಸಿಂಗ್ ಅಂತಾರೆ, ಇದು ನಡೆಯುವ ಹೊಲಕ್ಕೆ ಸೀಡ್ಸ್ ಪ್ಲಾಟು. ಮಧ್ಯಾಹ್ನದ ಮೇಲೆ, ನಾಳೆ ಅರಳಲಿರುವ ಮೊಗ್ಗು ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಅದರ ಎಸಳು, ಕೇಸರ ಎರಡನ್ನೂ ಕಿತ್ತು ತೆಗೆಯಬೇಕು, ನಡುವಿನ ಎಳೆ ಮುರಿಯದ ಹಾಗೆ. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಆ ಎಳೆಗೆ ಸವರಬೇಕು. ಒಂದೊಂದೇ ಹೂವು, ಒಂದೊಂದೇ ಗಿಡ, ಸುಮಾರು ಎರಡು ತಿಂಗಳು.

ಹತ್ತಿ ಹೂವು ಅರಳಿದ ದಿನ ಕೆನೆ ಬಣ್ಣ, ಮರುದಿನ ಗುಲಾಬಿ. ಗುಲಾಬಿಯಾದ ಹೂವು ಕ್ರಾಸಿಂಗಿಗೆ ಬರುವುದಿಲ್ಲ. ಒಂದು ದಿನ ಆಳು ತಪ್ಪಿದರೆ ಆ ದಿನದ ಹೂವೆಲ್ಲ ದಂಡ. ಹಾಗಾಗಿ "ಸಾಲಿಗೆ ಹೋಗಿ ಬಂದು ಮಾಡ್ತಾಳ್ರಿ" ಅನ್ನುವ ಮಾತು ಈ ಕೆಲಸದಲ್ಲಿ ನಡೆಯುವುದೇ ಇಲ್ಲ. ಬೇರೆ ಕೂಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಇದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

1972ರಲ್ಲಿ ಧಾರವಾಡದಲ್ಲಿ ಹುಟ್ಟಿದ ವರಲಕ್ಷ್ಮಿ ಹತ್ತಿಯ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಓದಿದ್ದೇವೆ. ಆ ಬೀಜ ಯಾರ ಬೆರಳಿನಿಂದ ಆಗುತ್ತಿತ್ತು ಅಂತ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ ಬಿಡಿ. ಹೆಣ್ಣುಮಕ್ಕಳ ಬೆರಳು ಸಣ್ಣ, ಕೆಲಸ ನಾಜೂಕು ಅಂತ ಪ್ಲಾಟಿನವರು ಹೇಳುತ್ತಾರೆ. ಕೂಲಿ ಕಡಿಮೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನೀಲವ್ವ ಪ್ಲಾಟಿಗೆ ಹೋದದ್ದು 2020ರಲ್ಲಿ, ಕೊರೊನಾ ಬಂದು ಶಾಲೆಗೆ ಬೀಗ ಬಿದ್ದಾಗ. ಅಪ್ಪ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವ್ವ ಕ್ರಾಸಿಂಗಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋದಳು. ಮನೆಯಲ್ಲಿ ಸುಮ್ನೆ ಕೂತು ಏನು ಮಾಡ್ತಾಳೆ, ಅಲ್ವಾ? ಮುಂದೆ ಶಾಲೆ ತೆರೆಯಿತು. ಆದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಪ್ಲಾಟಿಗೆ ಹೋಗುವ ರೂಢಿ ನಿಲ್ಲಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಜೂನ್, ಜುಲೈ ತುಂಬಿರುತ್ತಿತ್ತು. ಆಮೇಲೆ ಖಾಲಿ.

ಎರಡು ಕಾರ್ಡು

2022ರ ಜುಲೈನಲ್ಲಿ ನಾನೇ ಅವಳನ್ನು ತಪಾಸಣೆ ಮಾಡಿದ್ದೆ. ಎತ್ತರ 132.3. ಆ ವಯಸ್ಸಿಗೆ ಕೆಳಗಿನ ಗೆರೆ, ಅಂದರೆ ಇದಕ್ಕಿಂತ ಕಡಿಮೆ ಇದ್ದರೆ ತೀರಾ ಗಿಡ್ಡ ಅನ್ನುವ ಮಿತಿ, 131ರ ಆಸುಪಾಸು. ಗೆರೆಗಿಂತ ಮೇಲಿದ್ದಾಳೆ, ಸರಿ ಅಂತ ಟಿಕ್ ಹಾಕಿ ಸಹಿ ಮಾಡಿದ್ದೆ. ದಿನಕ್ಕೆ ನೂರಕ್ಕೂ ಜಾಸ್ತಿ ಮಕ್ಕಳು. ಸಾಲು ನಿಂತಿರುತ್ತೆ.

2023ರ ಜುಲೈನಲ್ಲಿ ಅದೇ ಗೋಡೆ, ಅದೇ ಪಟ್ಟಿ. 134.6. ತೂಕ 26.4 ಕಿಲೋ. ಈ ಸಲ ಗೆರೆಗಿಂತ ಕೆಳಗೆ ಬಿದ್ದಳು. ನರ್ಸ್ ಹೋದ ವರ್ಷದ ಕಾರ್ಡು ತೆಗೆದು ಪಕ್ಕದಲ್ಲಿಟ್ಟರು. ಮುಖ್ಯೋಪಾಧ್ಯಾಯರು ಬೀರುವಿನ ಕೆಳಗಿನ ಖಾನೆಯಿಂದ 2019ರದ್ದನ್ನೂ ಹುಡುಕಿ ಕೊಟ್ಟರು. ಆಗ ಅವಳು 120.5 ಇದ್ದಳು. ಆ ವಯಸ್ಸಿಗೆ ತೀರಾ ಗಿಡ್ಡ ಅಲ್ಲ.

ಆರು ವರ್ಷದಿಂದ ದೊಡ್ಡವರಾಗುವ ಹೊತ್ತಿನವರೆಗೆ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ನಾಲ್ಕಕ್ಕಿಂತ ಕಡಿಮೆಯಾದರೆ ಯಾಕೆ ಅಂತ ನೋಡಬೇಕು. 2019ರಿಂದ 2022ರವರೆಗಿನ ಮೂರು ವರ್ಷದಲ್ಲಿ ಅವಳ ಸರಾಸರಿ ನಾಲ್ಕೂ ಇರಲಿಲ್ಲ. ಕೊನೆಯ ವರ್ಷ ಎರಡು ಚಿಲ್ಲರೆ. 2022ರಲ್ಲಿ ನಾನು ಹಳೇ ಕಾರ್ಡು ಪಕ್ಕದಲ್ಲಿಟ್ಟು ನೋಡಿದ್ದರೆ ಆ ಟಿಕ್ ಹಾಕುತ್ತಿರಲಿಲ್ಲ. ಒಂದು ಅಳತೆ ಮಗು ಎಲ್ಲಿ ನಿಂತಿದೆ ಅಂತ ಹೇಳುತ್ತೆ. ಎರಡು ಅಳತೆ ಇದ್ದರೆ ಮಾತ್ರ ಅದು ನಡೀತಾ ಇದೆಯಾ ಇಲ್ಲವಾ ಅಂತ ಗೊತ್ತಾಗೋದು.

ಬಲಗೈ ತೋರಿಸು ಅಂದೆ. ಮೊದಲು ಹೆಬ್ಬೆರಳು ಮಡಚಿಕೊಂಡಳು. ಉಗುರು ದಪ್ಪಗಾಗಿ, ನಡುವೆ ಕಪ್ಪು ಸೀಳು ಬಿದ್ದು, ತುದಿ ಚರ್ಮದಿಂದ ಎದ್ದಿತ್ತು. ಸೀಸನ್ ಮುಗಿದು ಒಂಬತ್ತು ತಿಂಗಳಾದರೂ ಸರಿಹೋಗಿರಲಿಲ್ಲ. ಹಿಮೋಗ್ಲೋಬಿನ್ ನೋಡಿದೆವು. 11.5 ಇರಬೇಕಾದ ಕಡೆ 8.6.

ಇನ್ನೊಂದು ಗೊಂದಲವೂ ಇತ್ತು, ವಯಸ್ಸಿನದ್ದು. ಶಾಲೆಯಲ್ಲಿ ಹುಟ್ಟಿದ ದಿನ ಜೂನ್ 1, 2011. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತೆ, ಮಾಸ್ತರರ ಕೃಪೆ! ಎತ್ತರದ ಗೆರೆ ವಯಸ್ಸಿನ ಮೇಲೆ ನಿಂತಿರುವುದರಿಂದ ಸರಿಯಾದ ದಿನ ಬೇಕಿತ್ತು. ಆಶಾ ಕಾರ್ಯಕರ್ತೆ ಅವರ ಮನೆಯ ಟ್ರಂಕಿನಿಂದ ತಾಯಿ ಕಾರ್ಡು ತೆಗೆಸಿದರು. ಸೆಪ್ಟೆಂಬರ್ 2011. ಅಂದರೆ ಶಾಲೆ ಹೇಳುವುದಕ್ಕಿಂತ ಮೂರು ತಿಂಗಳಿಗೂ ಜಾಸ್ತಿ ಚಿಕ್ಕವಳು. ಹಾಗೆ ಲೆಕ್ಕ ಹಾಕಿದರೂ ಗೆರೆಯ ಕೆಳಗೇ ಇದ್ದಳು.

ಮೊದಲು ಮಾಡಿದ್ದು

ಡಾಕ್ಟರುಗಳು ಮಾಡುವುದನ್ನೇ ಮಾಡಿದೆವು. ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಅಪ್ಪ ಅಮ್ಮನಿಗೆ ಒಂದು ಚೀಟಿ. ಆಗಸ್ಟ್ ಎರಡನೇ ವಾರ ಫೋನ್ ಮಾಡಿದರೆ ನೀಲವ್ವ ಶಾಲೆಗೆ ಬಂದಿಲ್ಲ. ಮಾತ್ರೆ ಮನೆಯ ಗೂಡಿನಲ್ಲೇ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತಿತ್ತಂತೆ. ಪ್ಲಾಟಿನಲ್ಲಿ ವಾಂತಿ ಮಾಡಿಕೊಂಡರೆ ಬೈಗುಳ. ಅದಕ್ಕೆ ಬಿಟ್ಟಿದ್ದಳು.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಸೆಪ್ಟೆಂಬರ್ ಮೊದಲ ವಾರ ನಾನು ಮತ್ತು ನರ್ಸ್ ಪ್ಲಾಟಿನ ಹತ್ತಿರ ಹೋದೆವು, ಕಣ್ಣಾರೆ ನೋಡೋಣ ಅಂತ. ಬದುವಿನ ಮೇಲೆ ಜೀಪು ನಿಲ್ಲಿಸಿದೆವು. ಗಿಡ ಅವಳ ಎದೆಯವರೆಗೆ ಬಂದಿತ್ತು. ತಲೆಗೆ ಟವೆಲ್, ಸೊಂಟಕ್ಕೆ ಹೂವಿನ ಚೀಲ, ಬೆರಳ ತುದಿಯೆಲ್ಲ ಹಳದಿ. ಪಕ್ಕದ ಹೊಲದಲ್ಲಿ ಔಷಧ ಹೊಡೆಯುತ್ತಿದ್ದರು, ಗಾಳಿ ಈ ಕಡೆಗೇ ಬರುತ್ತಿತ್ತು. ಮಾಲೀಕ ನಗುತ್ತಲೇ, "ಅವರವ್ವನ ಜೋಡಿ ಬರ್ತಾಳ್ರಿ, ಅಷ್ಟ" ಅಂದ.

ಕಾನೂನು ಅಷ್ಟ ಅನ್ನುವುದಿಲ್ಲ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಸ್ವಂತ ಮನೆಯ ಕೆಲಸದಲ್ಲಿ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕೈ ಜೋಡಿಸಬಹುದು ಅಂತ ಒಂದು ವಿನಾಯಿತಿ ಇದೆ. ಬೇರೆಯವರ ಹೊಲದಲ್ಲಿ ಅವ್ವನ ಪಕ್ಕ ನಿಂತು ಕೂಲಿ ಮಾಡುವುದು ಅದರಲ್ಲಿ ಬರುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು.

ಅಧಿಕಾರಿಗಳು ಬಂದ ದಿನ ಪ್ಲಾಟಿನಲ್ಲಿ ಒಂದು ಮಗುವೂ ಇರಲಿಲ್ಲ. ಸುದ್ದಿ ಕೊಟ್ಟವರು ಬೇರೆ ಯಾರೂ ಅಲ್ಲ, ನಮ್ಮ ಜೀಪೇ. ಬದುವಿನ ಮೇಲೆ ಅದು ಅರ್ಧ ಗಂಟೆ ನಿಂತದ್ದನ್ನು ಇಡೀ ಊರು ನೋಡಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಸೀಡ್ಸ್ ಆರ್ಗನೈಸರ್, ಅಂದರೆ ಪ್ಲಾಟುಗಳಿಗೆ ಆಳು ಹೊಂದಿಸುವ ಮಧ್ಯವರ್ತಿ, ನೀಲವ್ವನನ್ನೂ ಇನ್ನೂ ಕೆಲವು ಹುಡುಗಿಯರನ್ನೂ ಟಂಟಂನಲ್ಲಿ ಕೂರಿಸಿ ಬೇರೆ ತಾಲ್ಲೂಕಿನ ಪ್ಲಾಟಿಗೆ ಕಳಿಸಿದ. ಅಲ್ಲೇ ಶೆಡ್ಡಿನಲ್ಲಿ ಮಲಗುವುದು. ಅವ್ವ ಜೊತೆಗೆ ಇರಲಿಲ್ಲ. ಇಪ್ಪತ್ತೆರಡು ದಿನ. ನಾವು ಕೈ ಹಾಕದಿದ್ದರೆ ಆ ಇಪ್ಪತ್ತೆರಡು ದಿನ ಅವಳು ರಾತ್ರಿ ಮನೆಯಲ್ಲಾದರೂ ಮಲಗುತ್ತಿದ್ದಳು.

ದೂರು ಕೊಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮನೆಯ ಲೆಕ್ಕ ತಿಳಿಯದೆ, ಸೀಸನ್ನಿನ ನಡುವೆ, ಜೀಪು ತೋರಿಸಿಕೊಂಡು ಹೋದದ್ದು ತಪ್ಪು.

ನವೆಂಬರಿನಲ್ಲಿ ಅವಳು ಶಾಲೆಗೆ ಬಂದಳು ಅಂತ ಮುಖ್ಯೋಪಾಧ್ಯಾಯರು ಫೋನ್ ಮಾಡಿದರು. ನಮ್ಮ ವೇಳಾಪಟ್ಟಿಯಲ್ಲಿ ಆ ಶಾಲೆ ಇರಲಿಲ್ಲ, ಆದರೂ ತೂಕದ ಯಂತ್ರ ಇಟ್ಟುಕೊಂಡು ಹೋದೆ. 24.6 ಕಿಲೋ. ಜುಲೈಗಿಂತ 1.8 ಕಿಲೋ ಕಡಿಮೆ. ಬೆಳೆಯುವ ವಯಸ್ಸಿನ ಮಗು ನಾಲ್ಕು ತಿಂಗಳಲ್ಲಿ ಕಿಲೋ ಎರಡು ಕಿಲೋ ಏರಬೇಕು.

ನನಗೆ ಇಡೀ ವಿಷಯ ತಿರುಗಿದ್ದು ಇಲ್ಲಿ. ನಾವು ಪ್ರತಿ ವರ್ಷ ಈ ಶಾಲೆಗೆ ಜುಲೈನಲ್ಲೇ ಬರುತ್ತಿದ್ದೆವು. ಅಂದರೆ ಸೀಸನ್ ಮುಗಿದು ಒಂಬತ್ತು ತಿಂಗಳು ಊಟ, ನಿದ್ದೆ ಸಿಕ್ಕಿ ಮಗು ಒಂದಿಷ್ಟು ಚೇತರಿಸಿಕೊಂಡ ಮೇಲೆ. ಸೆಪ್ಟೆಂಬರಿನಲ್ಲಿ ಬರುವ ಶಾಲೆಗಳಲ್ಲಿ ಇಂಥ ಮಕ್ಕಳು ಸಾಲಿನಲ್ಲೇ ಇರುತ್ತಿರಲಿಲ್ಲ. "ಗೈರು" ಅಂತ ಬರೆದು ಮುಂದೆ ಹೋಗುತ್ತಿದ್ದೆವು. ಯಾರಿಗೆ ಜಾಸ್ತಿ ಪೆಟ್ಟು ಬಿದ್ದಿದೆಯೋ ಅವರೇ ನಮ್ಮ ಪಟ್ಟಿಗೆ ಸಿಗದವರು.

ಲೆಕ್ಕ

ಹೂವು ಹಿಡಿದ ಮಾತ್ರಕ್ಕೆ ಮಗು ಯಾಕೆ ಬೆಳೆಯುವುದಿಲ್ಲ? ಅವಳ ಒಂದು ದಿನವನ್ನು ಅವಳಿಂದಲೇ ಕೇಳಿ ಬರೆದುಕೊಂಡೆ. ಐದಕ್ಕೆ ಏಳುವುದು. ನೀರು ತಂದು, ಒಂದು ರೊಟ್ಟಿ, ಶೇಂಗಾ ಚಟ್ನಿ. ಏಳಕ್ಕೆ ಟಂಟಂ. ಮಧ್ಯಾಹ್ನ ಬುತ್ತಿಯ ತಣ್ಣನೆ ರೊಟ್ಟಿ. ಆರರ ತನಕ ನಿಂತೇ ಕೆಲಸ. ಮನೆಗೆ ಬಂದು ಪಾತ್ರೆ, ತಮ್ಮನ ಕೆಲಸ. ಮಲಗುವುದು ಹತ್ತರ ಮೇಲೆ.

ಶಾಲೆಯಲ್ಲಿ ಆರನೇ ತರಗತಿ ಮೇಲಿನ ಮಕ್ಕಳ ಬಿಸಿಯೂಟಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಅಂತ ನಿಗದಿ ಇದೆ. ಮೇಲೆ ಕ್ಷೀರಭಾಗ್ಯದ ಹಾಲು, ಮೊಟ್ಟೆ. ಸೀಸನ್ನಿನಲ್ಲಿ ಸುಮಾರು 60 ಶಾಲಾ ದಿನ ತಪ್ಪುತ್ತೆ. ಊಟವೊಂದರಲ್ಲೇ 42,000 ಕ್ಯಾಲೊರಿ ಖೋತಾ. ಅದೇ ದಿನಗಳಲ್ಲಿ ಬಿಸಿಲಲ್ಲಿ ಹತ್ತು ಗಂಟೆ ನಿಂತು ಖರ್ಚಾಗುವುದು ಬೇರೆ. ದೇಹವೂ ಬಡವರ ಮನೆಯ ಹಾಗೆಯೇ. ಮೊದಲು ಹೃದಯ, ಮಿದುಳು, ದುಡಿಯುವ ಸ್ನಾಯುಗಳ ಸಾಲ ತೀರಿಸುತ್ತೆ. ಎತ್ತರ ಅನ್ನುವುದು ಉಳಿತಾಯದ ದುಡ್ಡು, ಮಿಕ್ಕಿದರೆ ಉಂಟು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹೊರಬರುವುದು ಗಾಢ ನಿದ್ದೆಯಲ್ಲಿ. ಆ ನಿದ್ದೆಗೂ ಕತ್ತರಿ. ಔಷಧ ಹೊಡೆದ ದಿನ ತಲೆನೋವು, ಓಕರಿಕೆ ಬಂದು ರಾತ್ರಿ ಉಣ್ಣುತ್ತಿರಲಿಲ್ಲ ಅಂತಲೂ ಹೇಳಿದಳು. ಔಷಧವೇ ಎತ್ತರವನ್ನು ತಿಂದಿತು ಅಂತ ನಾನು ಹೇಳಲಾರೆ. ರಾತ್ರಿಯ ಊಟವನ್ನಂತೂ ತಿಂದಿತ್ತು.

ಅವ್ವನ ವಾದ, ಎಕ್ಸ್‌ರೇ

ಡಿಸೆಂಬರಿನ ಒಂದು ಸಂಜೆ, ಜೀಪು ಇಲ್ಲದೆ, ಆಶಾ ಕಾರ್ಯಕರ್ತೆಯ ಜೊತೆ ಅವರ ಮನೆಗೆ ಹೋದೆ. ಅವ್ವನಿಗೆ ನಮ್ಮ ಮೇಲೆ ಸಿಟ್ಟಿತ್ತು. ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಕೊನೆಗೆ ಅಂದರು: "ನಾನೂ ಗಿಡ್ಡಾಕಿನ ಅದೀನ್ರಿ ಅಕ್ಕಾರ. ನಮ್ಮವ್ವನೂ ಗಿಡ್ಡಾಕಿ. ನಮ್ಮ ವಂಶನ ಹಂಗೈತಿ."

ತಳ್ಳಿಹಾಕುವ ಮಾತಲ್ಲ ಇದು. ಅಪ್ಪ ಅಮ್ಮ ಗಿಡ್ಡ ಇದ್ದರೆ ಮಕ್ಕಳೂ ಗಿಡ್ಡ ಇರಬಹುದು, ಅದು ರೋಗವಲ್ಲ. ಅವ್ವನ ಎತ್ತರ 143. "ನೀವು ಕ್ರಾಸಿಂಗಿಗೆ ಯಾವಾಗಿಂದ ಹೋಗ್ತೀರಿ ಅಕ್ಕಾ?" ಅಂತ ಕೇಳಿದೆ. "ಎಂಟೋ ಒಂಬತ್ತೋ ಇದ್ದಾಗಿಂದ" ಅಂದರು. ಹಾಗಾದರೆ ಅವ್ವನಿಂದ ಮಗಳಿಗೆ ಬಂದದ್ದು ರಕ್ತವೋ, ಕೆಲಸವೋ?

ಇದಕ್ಕೆ ಉತ್ತರ ಹುಡುಕಲು ಒಂದು ದಾರಿ ಇದೆ. ಎಡಗೈಯ ಎಕ್ಸ್‌ರೇ. ಮೂಳೆ ಉದ್ದವಾಗುವುದು ತುದಿಯ ಹತ್ತಿರ ಇರುವ ಮೆತ್ತನೆಯ ಪಟ್ಟಿಯಲ್ಲಿ. ಎಕ್ಸ್‌ರೇಯಲ್ಲಿ ಅದು ಕಪ್ಪು ಗೀಟಿನ ಹಾಗೆ ಕಾಣುತ್ತೆ. ಬೆಳವಣಿಗೆ ಮುಗಿದಾಗ ಗೀಟು ಮುಚ್ಚಿಹೋಗುತ್ತೆ. ಈ ಗೀಟು, ಮಣಿಕಟ್ಟಿನ ಮೂಳೆಗಳ ಆಕಾರ ನೋಡಿ ಮೂಳೆಯ ವಯಸ್ಸು ಹೇಳುತ್ತಾರೆ. ವಂಶದಿಂದ ಗಿಡ್ಡ ಇರುವ ಮಗುವಿನ ಮೂಳೆ ಸಾಮಾನ್ಯವಾಗಿ ಅದರ ವಯಸ್ಸಿಗೆ ಸರಿಯಾಗಿರುತ್ತೆ. ಪೋಷಣೆ ಸಾಲದೆ ನಿಂತ ಮಗುವಿನದು ಹಿಂದೆ ಬಿದ್ದಿರುತ್ತೆ. ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರು ನೋಡಿದರು. ಥೈರಾಯ್ಡ್ ಸರಿಯಿತ್ತು, ಹುಟ್ಟಿನಿಂದ ಬರುವ ತೊಂದರೆಗಳ ಗುರುತು ಇರಲಿಲ್ಲ. ನೀಲವ್ವನಿಗೆ ಆಗ 12 ದಾಟಿ ಮೂರು ತಿಂಗಳು. ಮೂಳೆಯ ವಯಸ್ಸು ಸುಮಾರು 10.

ಎಕ್ಸ್‌ರೇ ಹಿಡಿದು ಮತ್ತೆ ಅವರ ಮನೆಗೆ ಹೋದೆ. ಎರಡು ವರ್ಷ ಹಿಂದೆ ಬಿದ್ದಿದೆ ಅನ್ನುವುದು ಕೆಟ್ಟ ಸುದ್ದಿ ಅಂತ ಅವ್ವ ಗಾಬರಿಯಾದರು. ಅಸಲಿಗೆ ಒಳ್ಳೆಯ ಸುದ್ದಿ. ಕಪ್ಪು ಗೀಟು ಇನ್ನೂ ಅಗಲವಾಗಿಯೇ ಇತ್ತು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಒಂದೊಂದೇ ಬೆರಳಿನ ಗೀಟು ತೋರಿಸಿದೆ. "ಇದು ಮುಚ್ಚೋ ತನಕ ಟೈಮ್ ಐತಿ" ಅಂದೆ.

ಆದರೆ ಅವ್ವನ ಮನಸ್ಸನ್ನು ತಿರುಗಿಸಿದ್ದು ಎಕ್ಸ್‌ರೇ ಅಂತ ನಾನು ಹೇಳಲಾರೆ. ಹೊರಡುವ ಹೊತ್ತಿಗೆ ಅವಳ ತಮ್ಮ ಆಟ ಮುಗಿಸಿ ಬಂದ, ನೀಲವ್ವನಿಗಿಂತ ಎರಡು ವರ್ಷ ಚಿಕ್ಕವನು. ಅವ್ವ ತಾವಾಗಿಯೇ ಇಬ್ಬರನ್ನೂ ಬಾಗಿಲ ಚೌಕಟ್ಟಿಗೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. ತಮ್ಮ ಒಂದು ಬೆರಳು ಎತ್ತರ ಇದ್ದ. ಒಂದೇ ಮನೆ, ಒಂದೇ ಹಿಟ್ಟಿನ ರೊಟ್ಟಿ. ಅವನು ಪ್ಲಾಟಿಗೆ ಹೋದವನಲ್ಲ. ಇದೇನು ಪ್ರಯೋಗವಲ್ಲ, ಗಂಡುಹುಡುಗನ ತಟ್ಟೆಗೆ ಏನು ಜಾಸ್ತಿ ಬೀಳುತ್ತೆ ಅನ್ನುವುದು ನಮಗೆಲ್ಲ ಗೊತ್ತು. ಆದರೂ ಅವ್ವ ಚೌಕಟ್ಟಿನ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಆಮೇಲೆ ಕೇಳಿದರು: "ಹಂಗಾರ ಮುಂಗಡ ಯಾರು ತೀರಸ್ತಾರ? ನೀವ?"

ಫೆಬ್ರವರಿ

ಆ ಪ್ರಶ್ನೆಯನ್ನು ನಾನು ಜುಲೈನಲ್ಲೇ ಕೇಳಬೇಕಿತ್ತು. ಹೂವು ಬಿಡುವುದು ಆಗಸ್ಟ್‌ನಲ್ಲಿ, ಆದರೆ ಮಗುವಿನ ಸೀಸನ್ ನಿರ್ಧಾರವಾಗುವುದು ಫೆಬ್ರವರಿಯಲ್ಲಿ. ಆರ್ಗನೈಸರ್ ಆಗ ಬಂದು ಮುಂಗಡ ಕೊಡುತ್ತಾನೆ, ಇಷ್ಟು ಆಳು ಅಂತ ಲೆಕ್ಕ ಹಾಕಿ. 2023ರಲ್ಲಿ ಇವರು 18,000 ತೆಗೆದುಕೊಂಡಿದ್ದರು. ಅಪ್ಪನ ಸೊಂಟದ ಚಿಕಿತ್ಸೆಗೆ, ಎರಡು ಆಳಿನ ಲೆಕ್ಕದಲ್ಲಿ. ಆ ವರ್ಷ ಬರ ಬೇರೆ, ಬೇರೆ ಕೂಲಿಯೂ ಇರಲಿಲ್ಲ. ಇಂಥ ಮನೆಗೆ ಆಗಸ್ಟ್‌ನಲ್ಲಿ ಹೋಗಿ ಮಗಳನ್ನು ಶಾಲೆಗೆ ಕಳಿಸಿ ಅಂದರೆ, ಸಾಲಗಾರನಿಗೆ ಏನು ಉತ್ತರ ಕೊಡಬೇಕು?

ವಸತಿ ಶಾಲೆಗೆ ಸೇರಿಸೋಣ ಅಂದೆವು. ಅವ್ವ ಒಪ್ಪಲಿಲ್ಲ. ಶೆಡ್ಡಿನ ಇಪ್ಪತ್ತೆರಡು ದಿನ ಅವರಿಗೆ ಮರೆತಿರಲಿಲ್ಲ. ನಾವು ಒತ್ತಾಯ ಮಾಡಲಿಲ್ಲ. ಅವರೇ ಒಂದು ದಾರಿ ಹೇಳಿದರು: ಒಂದು ಆಳಿನ ಮುಂಗಡ ಮಾತ್ರ ತೆಗೆದುಕೊಳ್ಳುತ್ತೇನೆ, ಉಳಿದ ಹಳೇ ಬಾಕಿಗೆ ಸಂಘದ ಸಾಲ. ಆಶಾ ಕಾರ್ಯಕರ್ತೆ ಸ್ವಸಹಾಯ ಸಂಘದಲ್ಲಿ ಮಾತಾಡಿದರು. ಗೃಹಲಕ್ಷ್ಮಿಯ 2,000 ಕಂತು ಕಟ್ಟಲು ಆಯಿತು, ಬಂದ ತಿಂಗಳು. ಬಾರದ ತಿಂಗಳು ಸಂಘದವರು ತಡೆದುಕೊಂಡರು. ಆರ್ಗನೈಸರ್ ಒಂದೆರಡು ಸಲ ಬಂದು ಬಾಗಿಲಲ್ಲಿ ನಿಂತು ಜೋರು ಮಾಡಿದ. "ಹುಡುಗೀದು ರೊಕ್ಕ ಇಸಗೊಂಡಿಲ್ಲ, ಹುಡುಗಿ ಬರೂದಿಲ್ಲ" ಅಂತ ಅವ್ವ ಒಂದೇ ಮಾತು ಹೇಳಿದರಂತೆ.

ನಾವು ಮಾಡಿದ್ದು ಕಡಿಮೆಯೇ. ಕಬ್ಬಿಣಾಂಶದ ಮಾತ್ರೆಯನ್ನು ಮನೆಗೆ ಕೊಡದೆ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು, ಬಿಸಿಯೂಟ ಆದ ಮೇಲೆ ನುಂಗಿಸಿದೆವು. ಹೊಟ್ಟೆ ತೊಳಸುವುದು ನಿಂತಿತು.

ಅಳತೆಗಳು

2024ರ ಜುಲೈನಲ್ಲಿ 137.9 ಸೆಂಟಿಮೀಟರ್, 29.2 ಕಿಲೋ. ಆ ಸೀಸನ್ನಿನಲ್ಲಿ ಶಾಲೆ ಬಿಟ್ಟಿದ್ದು ಆರು ದಿನ, ಜ್ವರ ಬಂದು. ನವೆಂಬರಿನಲ್ಲಿ 141.2. ಹಿಮೋಗ್ಲೋಬಿನ್ 11.4. ಅದೇ ವರ್ಷ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಶುರುವಾಗಿತ್ತು. 2025ರ ಜುಲೈನಲ್ಲಿ 146.1, 35.8 ಕಿಲೋ. ಒಂದು ವರ್ಷದಲ್ಲಿ 8.2 ಸೆಂಟಿಮೀಟರ್. ಗೆರೆಗಿಂತ ಕೂದಲೆಳೆಯಷ್ಟು ಮೇಲೆ.

ಇದರಲ್ಲಿ ಎಷ್ಟು ಪ್ಲಾಟು ಬಿಟ್ಟದ್ದರಿಂದ, ಎಷ್ಟು ಮೊಟ್ಟೆಯಿಂದ, ಎಷ್ಟು ಮಾತ್ರೆಯಿಂದ, ತಡವಾಗಿ ಬಂದ ಹರೆಯದ ಓಟ ಎಷ್ಟು ಅಂತ ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ. ಶಾಲೆಗೆ ಬಂದದ್ದರಿಂದ ಮೊಟ್ಟೆ, ಮಾತ್ರೆ ಎರಡೂ ಸಿಕ್ಕಿತು ಅನ್ನುವುದಂತೂ ನಿಜ. ತನ್ನ ಓರಗೆಯವರ ಎತ್ತರ ಅವಳಿಗೆ ಪೂರ್ತಿ ಸಿಗುವುದು ಕಷ್ಟ. 2020ರಿಂದ 2023ರವರೆಗೆ ಹೋದದ್ದರಲ್ಲಿ ಒಂದಿಷ್ಟು ವಾಪಸ್ ಬರುವುದಿಲ್ಲ. ಅವ್ವ ಈಗಲೂ ಸೀಸನ್ನಿಗೆ ಪ್ಲಾಟಿಗೆ ಹೋಗುತ್ತಾರೆ. ನೀಲವ್ವನ ಹೆಬ್ಬೆರಳಿನಲ್ಲಿ ಹೊಸ ಉಗುರು ಬಂದಿದೆ, ನಡುವೆ ಸಣ್ಣ ಏಣು ಉಳಿದಿದೆ.

ಆ ಕಡೆಯ ಶಾಲೆಗಳಿಗೆ ನಾವು ಈಗ ಎರಡು ಸಲ ಹೋಗುತ್ತೇವೆ. ಜುಲೈನಲ್ಲಿ ಎಲ್ಲರಿಗೂ, ನವೆಂಬರಿನಲ್ಲಿ ಆಗಸ್ಟ್‌ನಿಂದ ಗೈರಾದವರಿಗೆ ಮಾತ್ರ. ಹಳೇ ಕಾರ್ಡುಗಳನ್ನು ಹೊಸದಕ್ಕೆ ಪಿನ್ ಮಾಡಿಯೇ ಇಡುತ್ತೇವೆ. ಸಂಘದ ಸಭೆಗೆ ಜನವರಿಯಲ್ಲೇ ಹೋಗಿ ಬರುತ್ತೇವೆ. 2025ರಲ್ಲಿ ನೀಲವ್ವನ ಹಳೇ ಶಾಲೆಯಲ್ಲಿ ಹಾಗೆ ಗೈರಾದವರು ನಾಲ್ವರು. ನವೆಂಬರಿನಲ್ಲಿ ಮೂವರು ಸಿಕ್ಕರು, ಮೂವರ ತೂಕವೂ ಇಳಿದಿತ್ತು. ನಾಲ್ಕನೆಯವಳು ಊರಿಗೆ ಇನ್ನೂ ಬಂದಿಲ್ಲ ಅಂದರು. ಅವಳ ಜುಲೈ ಕಾರ್ಡು ನನ್ನ ಬ್ಯಾಗಿನಲ್ಲೇ ಇದೆ.